ತೊಗರಿ ಬೇರಿನೊಳಗೊಂದು ಬಾಣಂತಿಕೋಣೆ

ಪ್ರಯೋಗಶಾಲೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಕಾವಿನ ಪೆಟ್ಟು ಕೊಡಬೇಕೆಂದರೆ ಸಾಮಾನ್ಯವಾಗಿ 30 ಡಿಗ್ರಿಯಿಂದ ಒಮ್ಮೆಲೇ 42ಕ್ಕೆ ಏರಿಸುತ್ತಾರೆ. ನಲವತ್ತೆರಡು! ಕಲಬುರಗಿ ಸೀಮೆಯ ಜೇವರ್ಗಿಯಲ್ಲಿ ಅದು ಮೇ ತಿಂಗಳ ಮಾಮೂಲಿ ಮಧ್ಯಾಹ್ನ.

ಅಂಥ ಬಿಸಿಲು ಉಂಡ ಎರೆಹೊಲದಲ್ಲೇ ಮಿರಗದ ಮಳೆ ಬಿದ್ದ ಮೇಲೆ ತೊಗರಿ ಬಿತ್ತುವುದು. ತಿಂಗಳೊಪ್ಪತ್ತು ಕಳೆದು ಗಿಡವೊಂದನ್ನು ಮಣ್ಣುಸಮೇತ ಎತ್ತಿ, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ರಕ್ತದಂಥ ನಸುಗೆಂಪು. ಅಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತಿವೆ. ಬೇಸಿಗೆಯಲ್ಲಿ ಇವು ಬೇಯಲಿಲ್ಲವೇಕೆ?

ಪ್ರೋಟೀನೆಂದರೆ ಉದ್ದನೆಯ ಸರ. ಸರಿಯಾಗಿ ಮಡಚಿಕೊಂಡರಷ್ಟೇ ಕೆಲಸಕ್ಕೆ ಬರುತ್ತದೆ. ಕಾವೇರಿದರೆ ಮಡಿಕೆ ಬಿಚ್ಚಿ, ಒಳಗಿನ ಜಿಡ್ಡು ಹೊರಬಿದ್ದು, ಒಂದಕ್ಕೊಂದು ಮೆತ್ತಿಕೊಳ್ಳುತ್ತದೆ. ಕುದಿಸಿದ ತತ್ತಿಯ ಬಿಳಿ ಗಟ್ಟಿಯಾಗುವುದು ಹೀಗೆಯೇ.

ಅದನ್ನು ತಡೆಯಲು ಬ್ಯಾಕ್ಟೀರಿಯಾದಲ್ಲಿ ಗ್ರೋಇಎಲ್ ಎಂಬ ಪೀಪಾಯಿ ಇದೆ. ತಲಾ 7 ಸರಗಳ ಎರಡು ಬಳೆ, ಬೆನ್ನಿಗೆ ಬೆನ್ನು ಹಚ್ಚಿ ಕೂತಿವೆ. ಎತ್ತರ? ಮಿಲಿಮೀಟರನ್ನು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದೂವರೆ ಪಾಲು! 1994ರಲ್ಲಿ ಯೇಲ್‌ನ ಆರ್ಥರ್ ಹಾರ್ವಿಚ್, ಪಾಲ್ ಸಿಗ್ಲರ್ ತಂಡ ಇದರ ಹರಳಿನಿಂದ ರಚನೆಯನ್ನು ಬಿಡಿಸಿ ತೋರಿಸಿತು. ಬಾಯಿಯಂಚಿನ ಜಿಡ್ಡು ದಿಕ್ಕೆಟ್ಟ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಜೀವಕೋಶದ ಇಂಧನವಾದ ಎಟಿಪಿಯ 7 ಕಣಗಳು ಬಂದು ಸೇರುತ್ತವೆ, ಗ್ರೋಇಎಸ್ ಎಂಬ ಮುಚ್ಚಳ ಕೂರುತ್ತದೆ, ಆಗ ಗೋಡೆಯ ಗುಣವೇ ಬದಲು! ಜಿಡ್ಡು ಮರೆಯಾಗುತ್ತದೆ, ಜಾಗ ಸುಮಾರು ದುಪ್ಪಟ್ಟಾಗುತ್ತದೆ. ಅಪ್ಪಟ ಬಾಣಂತಿಕೋಣೆ ಕಣ್ರೀ: ಬಾಗಿಲು ಮುಚ್ಚಿದೆ, ಬಂದು ಮೈಗೆ ಅಂಟಿಕೊಳ್ಳುವ ನೆಂಟರಿಲ್ಲ. ಹತ್ತು ಸೆಕೆಂಡು. ಮುಚ್ಚಳ ತೆರೆದಾಗ ಸರ ಮಡಚಿಕೊಂಡು ಬಂದರೆ ಸೈ, ಇಲ್ಲವಾದರೆ ಮತ್ತೆ ಒಳಗೆ.

ಸೋಜಿಗ ಇಷ್ಟಕ್ಕೇ ಮುಗಿದಿಲ್ಲ. ತೊಗರಿಗೆ ಹೆಚ್ಚಾಗಿ ಒಲಿಯುವುದು ಬ್ರಾಡಿರೈಜೋಬಿಯಂ ಕುಲ. ಅದರದೇ ದಾಯಾದಿ, ಆಳಂದದ ಹೊಲಗಳಲ್ಲೂ ಬೆಳೆಯುವ ಸೋಯಾದ ನಂಟ, ಇಂಥ ಕೋಣೆ ಕಟ್ಟುವ ಜೀನುಗಳ ಕನಿಷ್ಠ ಐದು ಜೊತೆ ಇಟ್ಟುಕೊಂಡಿದೆ! ಒಂದು ಕಾವಿಗೆ ಎಚ್ಚರಗೊಳ್ಳುತ್ತದೆ. ಇನ್ನೊಂದಕ್ಕೆ ಬಿಸಿಲಿನ ಗೊಡವೆಯೇ ಇಲ್ಲ. ಸಾರಜನಕ ಕಟ್ಟುವ ಜೀನುಗಳು ಎದ್ದಾಗ ಅದೂ ಏಳುತ್ತದೆ ಎಂದು ಜ್ಯೂರಿಕ್‌ನ ಹೌಕೆ ಹೆನ್ನೆಕೆ ತಂಡ 1993ರಲ್ಲಿ ಕಂಡಿತು. ಅವುಗಳಲ್ಲಿ ಆಯ್ದ ಎರಡನ್ನು ಒಟ್ಟಿಗೆ ಕೆಡಿಸಿದಾಗ ಗಂಟಿನಲ್ಲಿ ಸಾರಜನಕದ ಕೆಲಸ ಬಹುತೇಕ ನಿಂತೇಹೋಯಿತು. ಸಂಕಟಕಾಲದ ಪ್ರೋಟೀನು ಎಂದು ನಾವು ಹೆಸರಿಟ್ಟವು ಸುಗ್ಗಿಯ ದುಡಿಮೆಗೂ ಬೇಕು!

ಹಾಗಂತ ಈ ಕೋಣೆಗಳಿಗೆ ಮಿತಿ ಇಲ್ಲದಿಲ್ಲ. ಅದಕ್ಕೇ ಭೀಮೆಯ ದಂಡೆಯ ಅಫಜಲಪುರ ಸೀಮೆಯಲ್ಲಾಗಲಿ ಬೇರೆಲ್ಲೇ ಆಗಲಿ, ಬೆಲ್ಲದ ಅಂಟಿನಲ್ಲಿ ರೈಜೋಬಿಯಂ ಕಲಸಿ ಹಚ್ಚಿದ ತೊಗರಿ ಬೀಜವನ್ನು ಒಣಗಿಸುವುದು ನೆರಳಿನಲ್ಲೇ.