ದಾಸ್ತಾನಿನಲ್ಲಿ ಯಾವುದಕ್ಕೆ ಅಗ್ರಸ್ಥಾನ?

ಜೀನ್ಸ್ ಉಡುಪಿಗೆ ಹೆಸರಾದ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಒಂದು ಹೊಲಿಗೆಯ ಘಟಕವಿದೆಯೆಂದು ಭಾವಿಸೋಣ. ಡೆನಿಮ್ ಬಟ್ಟೆ, ದಾರ, ಜಿಪ್ಪು, ಗುಂಡಿ, ರಿವೆಟ್ಟು, ಸೂಜಿ—ಇವೆಲ್ಲವನ್ನೂ ದಿನವೂ ಎಣಿಸುತ್ತ ಕುಳಿತರೆ ಹೊಲಿಯುವುದೆಂತು? 1951ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಫೋರ್ಡ್ ಡಿಕಿ ಎಂಬವರು ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಪ್ರತಿಯೊಂದು ವಸ್ತುವಿನ ವಾರ್ಷಿಕ ಬಳಕೆಯನ್ನು ಅದರ ಬೆಲೆಯಿಂದ ಗುಣಿಸಿ, ಬಂದ ಮೊತ್ತಗಳನ್ನು ಇಳಿಕೆಯ ಕ್ರಮದಲ್ಲಿ ಬರೆದರೆ, ಮೇಲಿನ ಕೆಲವೇ ವಸ್ತುಗಳು ಹಣದ ಬಹುಪಾಲನ್ನು ನುಂಗಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಇವು ‘ಎ’ ವರ್ಗ. ನಡುವಿನವು ‘ಬಿ’, ಉಳಿದವು ‘ಸಿ’. ಬಟ್ಟೆಯ ಲೆಕ್ಕವನ್ನು ಅಡಿಗಡಿಗೆ ನೋಡಬೇಕು. ರಿವೆಟ್ಟನ್ನು ಒಮ್ಮೆಗೇ ಹೆಚ್ಚಾಗಿ ತಂದಿಟ್ಟರಾಯಿತು.

ಆದರೆ ಈ ಗುಣಾಕಾರಕ್ಕೆ ಕಾಣದ ಸಂಗತಿಯೊಂದುಂಟು. ಅಗ್ಗದ ಜಿಪ್ಪು ಮುಗಿದರೆ ಷರಾಯಿ ಅರ್ಧದಲ್ಲೇ ನಿಲ್ಲುತ್ತದೆ. ಹೊಲಿಯುವವರ ಕೂಲಿಗೂ ಅದು ಕುತ್ತು. ಆದಕಾರಣ ಅನಿವಾರ್ಯತೆಯ ಪಟ್ಟಿಯೊಂದನ್ನು ಬೇರೆಯಾಗಿ ಮಾಡಿ, ಅಂತಹ ವಸ್ತು ‘ಸಿ’ ವರ್ಗದ್ದಾದರೂ ನಾವು ಅದನ್ನು ಸ್ವಲ್ಪ ಹೆಚ್ಚಾಗಿಯೇ ಕೂಡಿಡಬೇಕಾಗುತ್ತದೆ.