ತುಂಗಾ–ಭದ್ರಾ ತಟದಲ್ಲಿ ಈಸ್ಟರ್: ಧರ್ಮಕೇಂದ್ರವೊಂದು ಊರಾಗುವ ಬಗೆ

ಕ್ರೈಸ್ತರ ಹಬ್ಬವೆಂದರೆ ನಗರವಾಸಿಗಳಿಗೆ ಮೊದಲು ನೆನಪಾಗುವುದು ಕ್ರಿಸ್ಮಸ್. ನಕ್ಷತ್ರದ ದೀಪ, ಗೋದಲಿ, ಕೇಕುಗಳಿಂದಾಗಿ ಆ ಹಬ್ಬ ಎಲ್ಲರ ಕಣ್ಣಿಗೂ ಬೀಳುತ್ತದೆ. ಶುಭ ಶುಕ್ರವಾರದ ಸರ್ಕಾರಿ ರಜೆಯ ನೆಪದಲ್ಲಿ ಮಾತ್ರ ಈಸ್ಟರ್ ಬಂದುದು ಹಲವರ ಅರಿವಿಗೆ ಬರುತ್ತದೆ. ಆದರೆ ಕ್ರೈಸ್ತ ಪಂಚಾಂಗದಲ್ಲಿ ಅಗ್ರಸ್ಥಾನ ಈಸ್ಟರ್‌ನದು. ಅದು ಒಂದು ದಿನದ ಹಬ್ಬವೂ ಅಲ್ಲ. ಬೂದಿ ಬುಧವಾರದಿಂದ ತೊಡಗಿ ಪಂಚಾಶತ್ತಮ ಹಬ್ಬದವರೆಗೆ, ಮೂರು ತಿಂಗಳಿಗೂ ಮೀರಿ ಹಬ್ಬಿದ ಒಂದು ಋತು ಅದು.

ಶಿವಮೊಗ್ಗ ನಗರ, ಭದ್ರಾವತಿ ಹಾಗೂ ಸುತ್ತಲಿನ ಮಲೆನಾಡಿನ ಹಳ್ಳಿಗಳಲ್ಲಿ ಈ ಋತುವಿಗೆ ಇನ್ನೊಂದು ಅರ್ಥವಿದೆ. ಇಲ್ಲಿನ ಕ್ರೈಸ್ತರಲ್ಲಿ ಬಹುಪಾಲು ಕುಟುಂಬಗಳು ಬೇರೆ ಬೇರೆ ಸೀಮೆಗಳಿಂದ, ಬೇರೆ ಬೇರೆ ಭಾಷೆಗಳೊಡನೆ ಬಂದು ನೆಲೆಸಿದವು. ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ಮನೆಮಾತಿನ ಈ ಜನರನ್ನು ಒಂದು ಸಮುದಾಯವಾಗಿ ಹೆಣೆದದ್ದು ಪ್ರಾರ್ಥನೆಯೊಂದೇ ಅಲ್ಲ. ಪ್ರತಿವರ್ಷ ಈ ಕಾಲದಲ್ಲಿ ಅವರು ಕೂಡಿ ಮಾಡುವ ಕೆಲಸವೂ ಹೌದು.

ಹುಣ್ಣಿಮೆಯ ಲೆಕ್ಕ

ಈಸ್ಟರ್ ವರ್ಷದಿಂದ ವರ್ಷಕ್ಕೆ ಏಕೆ ಸರಿದಾಡುತ್ತದೆ ಎಂಬ ಪ್ರಶ್ನೆ ಸಹಜ. ಚಾಂದ್ರಮಾನ ಪಂಚಾಂಗದ ಪರಿಚಯವಿರುವ ಕನ್ನಡಿಗರಿಗೆ ಉತ್ತರ ಸುಲಭವಾಗಿ ತಿಳಿಯುತ್ತದೆ. ಕ್ರಿ.ಶ. 325ರ ನಿಸೇಯ ಮಹಾಸಭೆಯ ನಂತರ ರೂಢಿಗೆ ಬಂದ ನಿಯಮದಂತೆ, ಮಾರ್ಚ್ 21ರಂದು ಅಥವಾ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್. ಆದ್ದರಿಂದ ಅದು ಮಾರ್ಚ್ 22ಕ್ಕಿಂತ ಮುಂಚೆ ಬಾರದು, ಏಪ್ರಿಲ್ 25ನ್ನು ದಾಟದು. ಬಹುತೇಕ ವರ್ಷಗಳಲ್ಲಿ ಆ ಹುಣ್ಣಿಮೆ ಚೈತ್ರದ್ದಾಗಿರುತ್ತದೆ. ಯುಗಾದಿ ಕಳೆದ ಎರಡು ಮೂರು ವಾರಗಳಲ್ಲಿ ಈಸ್ಟರ್ ಬರುತ್ತದೆ. 2025ರಲ್ಲಿ ಯುಗಾದಿ ಮಾರ್ಚ್ 30ರಂದು, ಈಸ್ಟರ್ ಏಪ್ರಿಲ್ 20ರಂದು ಬಂದವು. 2024ರಲ್ಲಿ ಮಾತ್ರ ಹೋಳಿ ಹುಣ್ಣಿಮೆಯೇ ಲೆಕ್ಕಕ್ಕೆ ಸಿಕ್ಕಿ, ಯುಗಾದಿಗೆ ಮೊದಲೇ ಮಾರ್ಚ್ 31ರಂದು ಈಸ್ಟರ್ ನಡೆಯಿತು.

ಹೀಗಾಗಿ ತಪಸ್ಸುಕಾಲ ಬರುವುದು ಅಡಿಕೆ ಕೊಯ್ಲು ಮುಗಿದು ಮಕ್ಕಳ ಪರೀಕ್ಷೆಗಳು ಸಮೀಪಿಸುವ ದಿನಗಳಲ್ಲಿ. ಹಬ್ಬದ ನಂತರದ ಐವತ್ತು ದಿನಗಳು ಬೇಸಿಗೆ ರಜೆಯೊಡನೆ ಬೆರೆಯುತ್ತವೆ. ಧರ್ಮಕೇಂದ್ರದ ದಿನಚರಿಯೂ ಇದಕ್ಕೆ ಹೊಂದಿಕೊಂಡಿದೆ.

ಒಂದು ಜಿಲ್ಲೆ, ಹಲವು ಪರಂಪರೆ

ಶಿವಮೊಗ್ಗ ಕಥೋಲಿಕ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1988ರ ನವೆಂಬರ್ 14ರಂದು. ಅದಕ್ಕೆ ಮುನ್ನ ಈ ಪ್ರದೇಶ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿತ್ತು. ಚಿಕ್ಕಮಗಳೂರು ಧರ್ಮಕ್ಷೇತ್ರ ತಾನೇ 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟಿತ್ತು. ಇಗ್ನೇಷಿಯಸ್ ಪೌಲ್ ಪಿಂಟೊ ಶಿವಮೊಗ್ಗದ ಮೊದಲ ಬಿಷಪರು. 1998ರಲ್ಲಿ ಅವರು ಬೆಂಗಳೂರಿನ ಆರ್ಚ್‌ಬಿಷಪರಾದರು. ನಗರದ ಪವಿತ್ರ ಹೃದಯ ಪ್ರಧಾನಾಲಯ ಈ ಧರ್ಮಕ್ಷೇತ್ರದ ಕೇಂದ್ರ.

ಭದ್ರಾವತಿಯ ಕಥೆ ಕಾರ್ಖಾನೆಯೊಡನೆ ಬೆಸೆದುಕೊಂಡಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1918ರಲ್ಲಿ ಆರಂಭಗೊಂಡ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ನಾನಾ ಕಡೆಯ ದುಡಿಯುವ ಜನರನ್ನು ಇಲ್ಲಿಗೆ ಸೆಳೆದವು. ಕೇರಳದಿಂದ ಬಂದ ಸಂತ ತೋಮರ ಪರಂಪರೆಯ ಸುರಿಯಾನಿ ಕ್ರೈಸ್ತ ಕೃಷಿಕರು ಮಲೆನಾಡಿನಲ್ಲಿ ಭೂಮಿ ಹಸನು ಮಾಡಿ ನೆಲೆನಿಂತರು. ಇವರಿಗಾಗಿ 2007ರ ಆಗಸ್ಟ್ 21ರಂದು ಭದ್ರಾವತಿ ಕೇಂದ್ರವಾಗಿ ಸಿರೋ–ಮಲಬಾರ್ ಧರ್ಮಕ್ಷೇತ್ರ ಸ್ಥಾಪನೆಯಾಯಿತು. ಜೋಸೆಫ್ ಅರುಮಚಾಡತ್ ಅದರ ಮೊದಲ ಬಿಷಪರಾದರು. ಇವೆರಡೂ ಕಥೋಲಿಕ ಸಭೆಯೊಳಗಿನ ಬೇರೆ ಬೇರೆ ಪೂಜಾ ಸಂಪ್ರದಾಯಗಳು. ಇವುಗಳ ಜತೆಗೆ ಪ್ರಾಟೆಸ್ಟೆಂಟ್ ಸಭೆಗಳೂ ಇಲ್ಲಿವೆ.

ಬೂದಿಯಿಂದ ಬೆಳಕಿನವರೆಗೆ

ಲ್ಯಾಟಿನ್ ಸಂಪ್ರದಾಯದ ಕಥೋಲಿಕರಿಗೆ ತಪಸ್ಸುಕಾಲ ಆರಂಭವಾಗುವುದು ಬೂದಿ ಬುಧವಾರದಂದು. ಸಿರೋ–ಮಲಬಾರ್ ಕುಟುಂಬಗಳು ಎರಡು ದಿನ ಮೊದಲೇ, ಸೋಮವಾರದಂದು, ಹಣೆಗೆ ಬೂದಿ ಧರಿಸಿ ಐವತ್ತು ದಿನಗಳ ವ್ರತಕ್ಕೆ ಕೂಡುತ್ತವೆ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ನಡೆಯುತ್ತದೆ. ಯೇಸುವಿನ ಯಾತನೆಯ 14 ಘಟ್ಟಗಳನ್ನು ಸ್ಮರಿಸುತ್ತ ಜನ ಹೆಜ್ಜೆ ಹಾಕುತ್ತಾರೆ. ವ್ರತದಲ್ಲಿ ಉಳಿಸಿದ ಹಣವನ್ನು ಬಡವರಿಗಾಗಿ ಮೀಸಲಿಡುವುದು ವಾಡಿಕೆ.

ಗರಿಗಳ ಭಾನುವಾರದಿಂದ ಪವಿತ್ರ ವಾರ ತೊಡಗುತ್ತದೆ. ಅದರ ಮುನ್ನಾದಿನ ಕೇರಳ ಮೂಲದ ಮನೆಗಳಲ್ಲಿ ಕಾಯಿ–ಬೆಲ್ಲದ ಹೂರಣ ತುಂಬಿದ ‘ಕೊಳುಕ್ಕಟ್ಟ’ ಬೇಯುತ್ತದೆ; ಕನ್ನಡದ ಮನೆಗಳ ಕಡುಬಿಗೆ ಅದು ಹತ್ತಿರದ ನೆಂಟ. ಪವಿತ್ರ ಗುರುವಾರ ಚರ್ಚುಗಳಲ್ಲಿ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಈ ವಿಧಿಗೆ ಮಹಿಳೆಯರನ್ನೂ ಆರಿಸಬಹುದೆಂದು ಲ್ಯಾಟಿನ್ ಸಂಪ್ರದಾಯದಲ್ಲಿ 2016ರಲ್ಲಿ ಪೋಪ್ ಫ್ರಾನ್ಸಿಸ್ ಅನುಮತಿ ನೀಡಿದರು. ಅದೇ ರಾತ್ರಿ ಸಿರೋ–ಮಲಬಾರ್ ಮನೆಗಳಲ್ಲಿ ಕುಟುಂಬದ ಹಿರಿಯರು ಹುಳಿಯಿಲ್ಲದ ‘ಪೆಸಹಾ’ ಅಪ್ಪವನ್ನು ಮುರಿದು ಎಲ್ಲರಿಗೂ ಹಂಚುತ್ತಾರೆ. ಆ ವರ್ಷ ಸಾವು ಸಂಭವಿಸಿದ ಮನೆಯಲ್ಲಿ ಅಪ್ಪ ಮಾಡುವುದಿಲ್ಲ; ನೆರೆಯವರು ಅಥವಾ ಬಂಧುಗಳು ಅದನ್ನು ಒಯ್ದು ಕೊಡುತ್ತಾರೆ. ದುಃಖದಲ್ಲಿರುವ ಮನೆ ಹಬ್ಬದಿಂದ ಹೊರಗುಳಿಯದಂತೆ ಮಾಡುವ ಏರ್ಪಾಡು ಇದು.

ಗುರುವಾರ ರಾತ್ರಿಯಿಂದ ಗಂಟೆಗಳು ಮೌನ ತಾಳುತ್ತವೆ. ಮರದ ಗಿಲಕಿಯೇ ಜನರನ್ನು ಕರೆಯುತ್ತದೆ. ಶುಭ ಶುಕ್ರವಾರ ಬಲಿಪೂಜೆ ಇರುವುದಿಲ್ಲ. ವಾಚನ, ಶಿಲುಬೆಯ ಆರಾಧನೆ, ಪರಮಪ್ರಸಾದ ವಿತರಣೆ ನಡೆಯುತ್ತವೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಕುರಿತು ಮಧ್ಯಾಹ್ನ ಮೂರು ಗಂಟೆಗಳ ಧ್ಯಾನಕೂಟ ನಡೆಯುವುದು ರೂಢಿ. ಕೇರಳ ಮೂಲದವರ ಚರ್ಚುಗಳಲ್ಲಿ ಕಹಿ ಪಾನೀಯದ ಗುಟುಕು, ಬಳಿಕ ಗಂಜಿ ಮತ್ತು ಹೆಸರುಕಾಳು ದೊರೆಯುತ್ತವೆ.

ಶನಿವಾರ ರಾತ್ರಿಯ ಪಾಸ್ಕ ಜಾಗರಣೆ ಇಡೀ ವರ್ಷದ ಶಿಖರ. ಚರ್ಚಿನ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಆ ವರ್ಷದ ಅಂಕಿಗಳನ್ನು ಕೊರೆದ ಪಾಸ್ಕ ಮೇಣದ ಬತ್ತಿಯನ್ನು ಬೆಳಗಿಸಲಾಗುತ್ತದೆ. ಕತ್ತಲು ತುಂಬಿದ ದೇವಾಲಯದೊಳಕ್ಕೆ ಆ ಒಂದೇ ಬತ್ತಿ ಪ್ರವೇಶಿಸುತ್ತದೆ. ಅದರಿಂದ ನೂರಾರು ಕೈಗಳ ಬತ್ತಿಗಳು ಹೊತ್ತಿಕೊಳ್ಳುತ್ತವೆ. ಮೌನವಾಗಿದ್ದ ಗಂಟೆಗಳು ಮತ್ತೆ ಮೊಳಗುತ್ತವೆ.

ಹಬ್ಬದ ಹಿಂದಿನ ದುಡಿಮೆ

ಗ್ರಾಮೀಣ ಧರ್ಮಕೇಂದ್ರವೆಂದರೆ ಒಂದು ಕಟ್ಟಡವಷ್ಟೇ ಅಲ್ಲ. ಒಬ್ಬರೇ ಗುರುಗಳು ಮುಖ್ಯ ಚರ್ಚಿನೊಡನೆ ಹಲವು ಹಳ್ಳಿಗಳ ಉಪಕೇಂದ್ರಗಳನ್ನೂ ನೋಡಿಕೊಳ್ಳಬೇಕಾಗುತ್ತದೆ. ಪವಿತ್ರ ವಾರದ ವಿಧಿಗಳನ್ನು ಎಲ್ಲೆಡೆ ನಡೆಸಲು ಸಾಧ್ಯವಿಲ್ಲ. ಸಣ್ಣ ಸಮುದಾಯಗಳು ದೊಡ್ಡ ಚರ್ಚಿನಲ್ಲಿ ಒಟ್ಟುಗೂಡುವುದೇ ಲೇಸೆಂದು 1988ರ ವ್ಯಾಟಿಕನ್ ಸುತ್ತೋಲೆಯೂ ಸಲಹೆ ನೀಡಿದೆ. ಹೀಗಾಗಿ ವರ್ಷವಿಡೀ ಚದುರಿರುವ ಜನ ಮುಖಾಮುಖಿಯಾಗುವುದು ಈ ದಿನಗಳಲ್ಲೇ.

ಇಷ್ಟು ಜನ ಸೇರಿದಾಗ ಕೆಲಸವೂ ಬೆಳೆಯುತ್ತದೆ. ಗರಿ ತರುವವರು, ಬಲಿಪೀಠ ಸಜ್ಜುಗೊಳಿಸುವವರು, ಗಂಜಿ ಬೇಯಿಸುವವರು, ರಾತ್ರಿ ವಾಹನದಲ್ಲಿ ಮುದುಕರನ್ನು ಮನೆ ಮುಟ್ಟಿಸುವವರು ಎಲ್ಲರೂ ಬೇಕು. ಈ ಹೊಣೆಯನ್ನು ವಾರ್ಡುಗಳು ಹಂಚಿಕೊಳ್ಳುತ್ತವೆ. ಕೊಂಕಣಿ ಭಾಷಿಕರಲ್ಲಿ ವಾರ್ಡಿನ ಮುಖಂಡನಿಗೆ ‘ಗುರ್ಕಾರ’ ಎಂಬ ಹೆಸರುಂಟು. ವಾರಗಟ್ಟಲೆ ನಡೆಯುವ ಗಾಯನ ಅಭ್ಯಾಸದಲ್ಲಿ ಭಾಷೆಯ ಪ್ರಶ್ನೆಯೂ ಇತ್ಯರ್ಥವಾಗಬೇಕು. ಎರಡನೇ ವ್ಯಾಟಿಕನ್ ಮಹಾಸಭೆ (1962–65) ಲ್ಯಾಟಿನ್ ಬದಲು ಜನರ ನುಡಿಯಲ್ಲಿ ಪೂಜೆಗೆ ಅವಕಾಶ ಕೊಟ್ಟಿತು. ಆದರೆ ಯಾವ ಜನರ ನುಡಿ ಎಂಬ ಪ್ರಶ್ನೆಯನ್ನು ಬಹುಭಾಷಿಕ ಊರುಗಳು ತಾವೇ ಬಗೆಹರಿಸಿಕೊಳ್ಳಬೇಕಾಯಿತು. ಮನೆಯಲ್ಲಿ ಕೊಂಕಣಿ ಅಥವಾ ತಮಿಳು ಆಡುವ ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿತು, ಚರ್ಚಿನಲ್ಲಿ ಕನ್ನಡದ ವಾಚನ ಓದುವಂತಾದದ್ದು ಯಾವುದೇ ಆಜ್ಞೆಗಿಂತ ದೊಡ್ಡ ಬದಲಾವಣೆ.

ಕಾರ್ಖಾನೆ ಸದ್ದಡಗಿದ ಮೇಲೆ

ಈ ದುಡಿಮೆಗೆ ಎಷ್ಟು ಕೈಗಳು ಉಳಿದಿವೆ ಎಂಬುದೇ ಇಂದಿನ ಪ್ರಶ್ನೆ. ಕಾಗದ ಕಾರ್ಖಾನೆಯಲ್ಲಿ 2015ರ ಹೊತ್ತಿಗೆ ಉತ್ಪಾದನೆ ನಿಂತಿತು. ವಿಐಎಸ್‌ಎಲ್ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಆಗಸ್ಟ್‌ನಲ್ಲಿ ಭಾಗಶಃ ಕೆಲಸ ಪುನರಾರಂಭಗೊಂಡಿತು. ದುಡಿಮೆ ಕಡಿಮೆಯಾದಂತೆ ಯುವಜನರು ಬೆಂಗಳೂರು, ಮಂಗಳೂರು, ಕೊಲ್ಲಿ ದೇಶಗಳತ್ತ ಮುಖ ಮಾಡುತ್ತಾರೆ. ಇದು ಕ್ರೈಸ್ತರೊಬ್ಬರ ಕಥೆಯಲ್ಲ. ಭದ್ರಾವತಿಯ ಎಲ್ಲ ಜಾತಿ–ಮತಗಳ ಮನೆಗಳದೂ ಹೌದು. ಆದರೆ ಭಾನುವಾರದ ಗಾಯನ ತಂಡದಲ್ಲಿ ದನಿಗಳು ಕಡಿಮೆಯಾದಾಗ ಅದು ಬೇಗನೆ ಕಿವಿಗೆ ತಾಕುತ್ತದೆ.

ಕೂಡುವಿಕೆ ತಪ್ಪಿದರೆ ಏನಾಗುತ್ತದೆಂಬುದನ್ನು 2020 ತೋರಿಸಿತು. ಆ ವರ್ಷ ಏಪ್ರಿಲ್ 12ರ ಈಸ್ಟರ್ ಲಾಕ್‌ಡೌನ್ ನಡುವೆ ಬಂತು. ಚರ್ಚುಗಳ ಬಾಗಿಲು ಮುಚ್ಚಿದ್ದವು, ಪಾದ ತೊಳೆಯುವ ವಿಧಿಯನ್ನು ಜಗತ್ತಿನಾದ್ಯಂತ ಕೈಬಿಡಲಾಯಿತು. ಪೂಜೆಯನ್ನು ಮೊಬೈಲಿನಲ್ಲಿ ನೋಡಬಹುದಾಗಿತ್ತು. ಗಂಜಿಯ ಹಂಡೆಯ ಸುತ್ತ ನಿಲ್ಲುವಂತಿರಲಿಲ್ಲ.

ಈಸ್ಟರ್ ನಂತರದ ಐವತ್ತು ದಿನಗಳಲ್ಲಿ ಮನೆಗಳ ಆಶೀರ್ವಾದ, ಮಕ್ಕಳ ಪ್ರಥಮ ಪರಮಪ್ರಸಾದ, ಬೇಸಿಗೆ ಶಿಬಿರಗಳು ಸಾಗುತ್ತವೆ. ಗುರುಗಳು ಮನೆಮನೆಗೆ ಹೋಗುವಾಗ ಯಾವ ಮನೆಗೆ ಬೀಗ ಬಿದ್ದಿದೆ, ಎಲ್ಲಿ ವೃದ್ಧರಿಬ್ಬರೇ ಉಳಿದಿದ್ದಾರೆ, ಎಲ್ಲಿ ಹೊಸದಾಗಿ ಬಾಡಿಗೆಗೆ ಬಂದವರಿದ್ದಾರೆ ಎಂಬುದೂ ತಿಳಿಯುತ್ತದೆ. ಬೀಗ ಬಿದ್ದ ಮನೆಯವರಲ್ಲಿ ಕೆಲವರಾದರೂ ಮುಂದಿನ ಪವಿತ್ರ ಗುರುವಾರಕ್ಕೆ ಊರಿಗೆ ಬರುತ್ತಾರೆ. ಹೊಸ ಬಾಡಿಗೆದಾರರ ಹೆಸರು ವಾರ್ಡಿನ ಪಟ್ಟಿಗೆ ಸೇರುತ್ತದೆ. ಮುಂದಿನ ವರ್ಷ ಗಂಜಿ ಬೇಯಿಸುವ ಸರದಿ ಅವರಿಗೂ ಬರುತ್ತದೆ.