ಬಿಚ್ಚಲೊಪ್ಪದ ನಟ್ಟು

ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಗೆ ಹಿಂದೆ 63 ಎಂಬ ಸಂಖ್ಯೆ ಇತ್ತು, ಈಗ 52. ಸಂಖ್ಯೆ ಯಾವುದಾದರೇನು, ಅರಬೈಲ್ ಘಟ್ಟ ಹತ್ತಿ ಇಳಿಯುವುದು ತಪ್ಪಿದ್ದಲ್ಲ. ಮಳೆಗಾಲದ ಒಂದು ಸಂಜೆ ಅಲ್ಲಿ ಕಾರಿನ ಟಯರು ಪಂಕ್ಚರ್ ಆಯಿತೆನ್ನಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇದೆ, ಜಾಕ್ ಇದೆ, ವೀಲ್ ಸ್ಪ್ಯಾನರ್ ಇದೆ. ನಾಲ್ಕು ನಟ್ಟುಗಳಲ್ಲಿ ಮೂರು ಸಡಿಲವಾದವು. ನಾಲ್ಕನೆಯದಕ್ಕೆ ಸ್ಪ್ಯಾನರೇ ಕೂರುವುದಿಲ್ಲ. ಅದರ ತಲೆ ಉಳಿದವುಗಳಂತೆ ಆರು ಮೂಲೆಯದಲ್ಲ. ಏನೋ ಹೂವಿನ ಚಿತ್ತಾರದಂತಿದೆ.

ಇದು ಲಾಕ್ ನಟ್ಟು. ದುಬಾರಿ ಅಲಾಯ್ ಚಕ್ರಗಳನ್ನು ಕಳ್ಳರು ಬಿಚ್ಚಿಕೊಂಡು ಹೋಗದಿರಲೆಂದು ಒಂದೊಂದು ಚಕ್ರಕ್ಕೆ ಒಂದೊಂದು ಇಂಥ ನಟ್ಟು ಹಾಕುತ್ತಾರೆ. ಆ ಚಿತ್ತಾರಕ್ಕೆ ಸರಿಯಾಗಿ ಹೊಂದುವ ಪುಟ್ಟ ಉಕ್ಕಿನ ತುಂಡೇ ಅದರ ಕೀಲಿ. ಕೀಲಿಯನ್ನು ನಟ್ಟಿಗೆ ಕೂರಿಸಿ, ಕೀಲಿಗೆ ಸ್ಪ್ಯಾನರ್ ಹಾಕಿ ತಿರುಗಿಸಬೇಕು. ಕೀಲಿ ಸಿಕ್ಕಿತು, ಕೂರಿಸಿದಿರಿ, ಒತ್ತಿದಿರಿ. ಆದರೂ ನಟ್ಟು ಜಪ್ಪಯ್ಯ ಎನ್ನುವುದಿಲ್ಲ. ಏಕೆ?

ನಟ್ಟು ಹಿಡಿದಿರುವುದು ತ್ರೆಡ್ಡಿನಿಂದ ಎಂದು ನಾವು ತಿಳಿಯುತ್ತೇವೆ. ಅದು ಅರ್ಧ ಸತ್ಯ. ನಟ್ಟು ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಎಳೆದ ಸ್ಪ್ರಿಂಗಿನಂತೆ. ಹಿಗ್ಗಿದ್ದು ಮತ್ತೆ ಕುಗ್ಗಲು ಹವಣಿಸುತ್ತಾ ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಸಾಮಾನ್ಯ ಕಾರಿನ 12 ಮಿಲಿಮೀಟರ್ ಬೋಲ್ಟಿಗೆ 110 ನ್ಯೂಟನ್ ಮೀಟರ್ ತಿರುಗುಬಲ ಕೊಟ್ಟರೆ ಹುಟ್ಟುವ ಈ ಸೆಳೆತ ಸುಮಾರು ನಾಲ್ಕೂವರೆ ಟನ್ ತೂಕಕ್ಕೆ ಸಮ! ತಮಾಷೆಯೆಂದರೆ, ನಾವು ಕೊಟ್ಟ ತಿರುಗುಬಲದಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸಲು ಬಳಕೆಯಾಗುತ್ತದೆ. ಉಳಿದದ್ದೆಲ್ಲ ನಟ್ಟಿನ ಬುಡದಲ್ಲಿ, ತ್ರೆಡ್ಡಿನಲ್ಲಿ ಘರ್ಷಣೆಯ ಪಾಲು. ಅದೇ ಘರ್ಷಣೆ ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆಯೂ ಕಾಯುತ್ತದೆ.

ಈ ಘರ್ಷಣೆಗೆ ತುಕ್ಕು ಸೇರಿತೆಂದರೆ ಕಥೆ ಬೇರೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಮೂರು ಪಟ್ಟಾಗಬಹುದು. ತ್ರೆಡ್ಡಿನ ಸಂದಿಯಲ್ಲಿ ಅಷ್ಟು ಜಾಗವೆಲ್ಲಿ? ಬೆಣೆ ಹೊಡೆದಂತೆ ಬಿಗಿಯುತ್ತದೆ. ಉತ್ತರ ಕನ್ನಡದ ಮಳೆ ಸಾಲದೆಂಬಂತೆ ಅಂಕೋಲೆ ಕಡೆಯ ಕಡಲಗಾಳಿಯ ಉಪ್ಪೂ ಸೇರಿದರೆ ತುಕ್ಕಿನ ಕೆಲಸ ಇನ್ನೂ ಚುರುಕು.

ಘಟ್ಟಕ್ಕೆ ಇನ್ನೊಂದು ವಿಶೇಷವಿದೆ. 1,200 ಕಿಲೋಗ್ರಾಂ ತೂಕದ ಕಾರು ನೂರು ಮೀಟರ್ ಎತ್ತರ ಇಳಿದರೆ ಕಳೆದುಕೊಳ್ಳುವ ವಿಭವ ಶಕ್ತಿ ಸುಮಾರು 11.8 ಲಕ್ಷ ಜೂಲ್. ನಾಲ್ಕು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಬರಿಯ ಬ್ರೇಕ್ ಒತ್ತಿಯೇ ಇಳಿದಿದ್ದರೆ ಇದರ ಬಹುಪಾಲು ಬ್ರೇಕಿಗೆ, ಅಲ್ಲಿಂದ ಹಬ್ಬಿಗೆ, ಚಕ್ರಕ್ಕೆ ಹೋಗಿರುತ್ತದೆ. ಅಲಾಯ್ ಚಕ್ರ ಅಲ್ಯೂಮಿನಿಯಂನದು, ಬೋಲ್ಟು ಉಕ್ಕಿನದು. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೋಲ್ಟು ಇನ್ನಷ್ಟು ಸೆಳೆತಕ್ಕೆ ಸಿಕ್ಕಿ ನಟ್ಟು ಇನ್ನಷ್ಟು ಬಿಗಿ. ಆದ್ದರಿಂದ ಇಳಿದ ಕೂಡಲೇ ಸ್ಪ್ಯಾನರ್ ಹಿಡಿಯದೆ ಅರ್ಧ ಗಂಟೆ ಕಾಯಿರಿ. ಬೇಗ ತಣಿಯಲೆಂದು ನೀರು ಸುರಿಯಬೇಡಿ; ಕಾದ ಡಿಸ್ಕ್ ಸೊಟ್ಟಗಾದೀತು, ಬಿರುಕು ಬಿಟ್ಟೀತು.

ಈಗ ಸನ್ನೆಯ ಲೆಕ್ಕ. 30 ಸೆಂಟಿಮೀಟರ್ ಹಿಡಿಯ ಸ್ಪ್ಯಾನರಿನ ತುದಿಗೆ 60 ಕಿಲೋಗ್ರಾಂನ ಮನುಷ್ಯ ಪೂರ್ತಿ ಭಾರ ಬಿಟ್ಟರೆ 176 ನ್ಯೂಟನ್ ಮೀಟರ್ ದೊರೆಯುತ್ತದೆ. 90 ಸೆಂಟಿಮೀಟರ್ ಕೊಳವೆ ತೊಡಿಸಿದರೆ ಅದರ ಮೂರರಷ್ಟು. ಸಾದಾ ನಟ್ಟಿಗೆ ಈ ಉಪಾಯ ನಡೆಯುತ್ತದೆ. ಲಾಕ್ ನಟ್ಟಿಗೆ ಬೇಡ. ಅದರ ಚಿತ್ತಾರದ ಅಂಚು ನಡುವಿನಿಂದ ಒಂದು ಸೆಂಟಿಮೀಟರಿನಷ್ಟೇ ದೂರ. ಅಲ್ಲಿ 200 ನ್ಯೂಟನ್ ಮೀಟರ್ ಎಂದರೆ 20,000 ನ್ಯೂಟನ್ ಬಲ, ಎರಡು ಟನ್ ತೂಕ, ತೆಳುವಾದ ಏಣುಗಳ ಮೇಲೆ. ಕೀಲಿ ಸ್ವಲ್ಪ ಓರೆಯಾಗಿ ಕೂತಿದ್ದರೂ ಏಣು ಮುರಿಯುತ್ತದೆ. ಇಂಪ್ಯಾಕ್ಟ್ ಗನ್ ಹಿಡಿದ ಆತುರದ ಕೈಗಳಲ್ಲಿ ಮುರಿದ ಕೀಲಿಗಳು ಎಷ್ಟೋ.

ಬಲಕ್ಕಿಂತ ಎಣ್ಣೆ ಮೇಲು. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ತಣಿದ ನಟ್ಟಿನ ಬುಡಕ್ಕೆ ಬಿಟ್ಟು ಹತ್ತಿಪ್ಪತ್ತು ನಿಮಿಷ ಬಿಡಿ. ಬತ್ತಿಯಲ್ಲಿ ಎಣ್ಣೆ ಏರುವಂತೆ ಅದು ಸಂದಿಗೆ ಇಳಿಯುತ್ತದೆ. ಬ್ರೇಕ್ ಡಿಸ್ಕಿಗೆ ಮಾತ್ರ ತಾಗದಿರಲಿ. ಕೀಲಿಯನ್ನು ನೇರವಾಗಿ ಕೂರಿಸಿ, ಅದರ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು ಕೊಡಿ. ತುಕ್ಕಿನ ಹಿಡಿತ ಒಡೆಯುತ್ತದೆ. ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಎಡಕ್ಕೆ ನಿಧಾನವಾಗಿ ಒತ್ತಿ. ಒಮ್ಮೆ ಅಲುಗಿತೋ ಮುಂದೆ ಹಗುರ, ಏಕೆಂದರೆ ಚಲನ ಘರ್ಷಣೆ ಸ್ಥಿತ ಘರ್ಷಣೆಗಿಂತ ಕಡಿಮೆ. (ಕೆಲವು ಹಳೆಯ ಲಾರಿಗಳ ಎಡಬದಿಯ ಚಕ್ರಗಳಲ್ಲಿ ತ್ರೆಡ್ಡು ತಿರುವುಮುರುವು. ಅದು ತಿಳಿಯದೆ ಬಿಚ್ಚುತ್ತೇನೆಂದು ಬಿಗಿದವರುಂಟು.)

ಇಷ್ಟೆಲ್ಲ ನಡೆಯಬೇಕಾದದ್ದು ಚಕ್ರ ನೆಲದ ಮೇಲಿರುವಾಗಲೇ. ಇದನ್ನು ಒತ್ತಿ ಹೇಳುತ್ತೇನೆ. ಜಾಕ್ ಮೇಲೆ ಎತ್ತಿದ ಕಾರಿನಲ್ಲಿ ನಟ್ಟಿಗೆ ಜಗ್ಗಿದರೆ, ಇಳಿಜಾರಿನಲ್ಲಂತೂ, ಜಾಕ್ ಜಾರಿ ಕಾರು ಮೈಮೇಲೆ ಬಂದೀತು. ಕಾರನ್ನು ತಿರುವಿನಿಂದ ದೂರ ಸಮತಟ್ಟಾದ ಜಾಗಕ್ಕೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಹಿಂದಿನಿಂದ ಬರುವ ಲಾರಿಗೆ ದೂರದಿಂದಲೇ ಕಾಣುವಂತೆ ತ್ರಿಕೋನ ಫಲಕ ಇಡಿ. ಸ್ಪ್ಯಾನರ್ ಮೇಲೆ ಹತ್ತಿ ಕುಣಿಯುವುದು ಸಾಹಸವಲ್ಲ; ಅದು ಜಾರಿದರೆ ನೀವು ಬೀಳುವುದು ರಸ್ತೆಗೆ.

ಕೀಲಿಯೇ ಮುರಿದರೆ ಯಲ್ಲಾಪುರಕ್ಕೋ ಅಂಕೋಲೆಗೋ ಹೇಳಿಕಳಿಸಿ ಮೆಕ್ಯಾನಿಕ್ಕನನ್ನು ಕರೆಸುವುದೇ ಸರಿ. ಒಳಗೆ ಎದುರು ಸುರುಳಿಯ ಹಲ್ಲುಗಳಿರುವ ಸಾಕೆಟ್ಟನ್ನು ಅವರು ನಟ್ಟಿಗೆ ಬಡಿದು ಕೂರಿಸುತ್ತಾರೆ. ಎಡಕ್ಕೆ ತಿರುಗಿಸಿದಷ್ಟೂ ಹಲ್ಲು ನಟ್ಟನ್ನು ಕಚ್ಚುತ್ತದೆ. ಅದಕ್ಕೂ ಬಗ್ಗದಿದ್ದರೆ ಮೇಲೊಂದು ಸಾದಾ ನಟ್ಟನ್ನು ವೆಲ್ಡ್ ಮಾಡುತ್ತಾರೆ. ವೆಲ್ಡಿಂಗಿನ ಶಾಖಕ್ಕೆ ತುಕ್ಕಿನ ಬಂಧವೂ ಸಡಿಲುತ್ತದೆ. ಒಂದು ಕೆಲಸ, ಎರಡು ಲಾಭ.

ಸ್ಟೆಪ್ನಿ ಹಾಕುವಾಗ ಬೋಲ್ಟಿನ ತ್ರೆಡ್ಡನ್ನು ಬ್ರಶ್ಶಿನಿಂದ ಉಜ್ಜಿ ಒರೆಸಿ, ಎಣ್ಣೆ ಹಚ್ಚಬೇಡಿ. ಘರ್ಷಣೆ ತಗ್ಗಿದರೆ ಅದೇ ತಿರುಗುಬಲಕ್ಕೆ ಬೋಲ್ಟು ಮಿತಿಮೀರಿ ಹಿಗ್ಗುತ್ತದೆ. ನಟ್ಟುಗಳನ್ನು ಎದುರುಬದುರಾಗಿ, ಒಂದಿಷ್ಟು ಇದು, ಒಂದಿಷ್ಟು ಅದು ಎಂಬಂತೆ ಬಿಗಿಯಿರಿ. ಹುಬ್ಬಳ್ಳಿ ಮುಟ್ಟಿದ ಮೇಲೆ ಚಕ್ರ ತಣಿಯಲು ಬಿಟ್ಟು ಇನ್ನೊಮ್ಮೆ ಬಿಗಿ ನೋಡಿ, ಕೀಲಿಯನ್ನು ಜಾಕ್ ಜೊತೆಗೇ ಇಡಿ.